ಎಲ್ಲ ಉಪ್ಪುಗಾಳಿಯ ಲೆಕ್ಕಕ್ಕೆ

ಕಾಪುವಿನ ಕಡಲ ಬದಿಯ ಮನೆಗಳಲ್ಲಿ ಎಂತ ಹಾಳಾದರೂ ಬೈಗುಳ ತಿನ್ನುವುದು ಉಪ್ಪುಗಾಳಿ. ಕಿಟಕಿಯ ಬಿಜಾಗರಿ ಕಿತ್ತು ಬಂದರೆ ಉಪ್ಪುಗಾಳಿ. ಫ್ರಿಜ್ಜಿನ ಕಾಲು ತುಕ್ಕು ಹಿಡಿದು ಕುಸಿದರೆ ಉಪ್ಪುಗಾಳಿ. ಹೊಸ ಮಿಕ್ಸಿ ವರ್ಷ ತುಂಬುವ ಮೊದಲೇ ಗರಗರ ಅಂದರೆ ಅದೂ ಉಪ್ಪುಗಾಳಿಯೇ. ಹೂವಪ್ಪನ ಮನೆಯಲ್ಲಿ ಇದರ ಜೊತೆಗೆ ಇನ್ನೊಂದು ಮಾತೂ ಚಾಲ್ತಿಯಲ್ಲಿತ್ತು, ಜಾರಿ ಬಿದ್ದದ್ದು ಅಂತ. ಅದು ಸಾಮಾನಿಗಲ್ಲ, ಹೆಂಗಸರಿಗೆ. ಮನೆಯಾಕೆ ಕಮಲಕ್ಕನ ಎಡಗೈ ಮೊಣಕೈಯಿಂದ ಕೆಳಗೆ ತುಸು ಸೊಟ್ಟ. ಬಾವಿಕಟ್ಟೆಯಲ್ಲಿ ಜಾರಿ ಬಿದ್ದದ್ದು ಅಂತ ಊರಿಗೆಲ್ಲ ಗೊತ್ತು. ಆ ಬಾವಿಕಟ್ಟೆಯಲ್ಲಿ ಪಾಚಿ ಕಟ್ಟಿದ್ದನ್ನು ಮಾತ್ರ ಊರಿನ ಯಾರೂ ಕಂಡವರಿಲ್ಲ.

ಹೂವಪ್ಪ ಒಂದು ಕಾಲದಲ್ಲಿ ದೋಣಿಯ ತಂಡೇಲ. ಅವನು ಕೈ ಎತ್ತಿದರೆ ಇಡೀ ದೋಣಿಯ ಆಳುಗಳು ಬಲೆ ಎಳೆಯುತ್ತಿದ್ದರು. ಈಗ ಮೊಣಕಾಲು ಹೋಗಿ ಟಿವಿಯ ಮುಂದೆ ಕೂತವನು. ಮಗ ಧನರಾಜ್ ಮಲ್ಪೆಯ ಬೋಟಿನಲ್ಲಿ. ಕಡಲಿಗೆ ಹೋದರೆ ಹತ್ತು ಹನ್ನೆರಡು ದಿನ, ಬಂದರೆ ಎರಡು ಮೂರು ದಿನ ಮನೆ. ಆ ಎರಡು ಮೂರು ದಿನ ಮನೆಯವರಿಗೆಲ್ಲ ಉಸಿರು ಬಿಗಿ. ಸೊಸೆ ಕಾವ್ಯ ಹಿರಿಯಡ್ಕದವಳು. ಮದುವೆಗೆ ಮೊದಲು ಮಣಿಪಾಲದ ಒಂದು ಆಫೀಸಿನಲ್ಲಿ, ಡಾಕ್ಟರುಗಳು ಮಾತಾಡಿ ರೆಕಾರ್ಡ್ ಮಾಡಿದ್ದನ್ನು ಕೇಳಿ ರಿಪೋರ್ಟ್ ಟೈಪ್ ಮಾಡುತ್ತಿದ್ದಳು. ಆಫೀಸಿನವರು ಹಳೆ ಕಂಪ್ಯೂಟರುಗಳನ್ನು ಮಾರಿದಾಗ ಒಂದನ್ನು ಕೊಂಡು, ಅದನ್ನು ಕಟ್ಟಿಕೊಂಡೇ ಗಂಡನ ಮನೆಗೆ ಬಂದಳು. ಕೆಲಸ ಬಿಡಲಿಲ್ಲ, ಮನೆಯಿಂದಲೇ ಮಾಡಿದಳು. ಮಗಳು ನವ್ಯಶ್ರೀ ಹುಟ್ಟಿ ಎರಡನೇ ಕ್ಲಾಸಿಗೆ ಬರುವವರೆಗೂ ಆ ಪೆಟ್ಟಿಗೆ ಚಾವಡಿಯ ಮೂಲೆಯಲ್ಲಿ ಗುಂಯ್ ಅನ್ನುತ್ತಲೇ ಇತ್ತು.

ಒಮ್ಮೆ ಸಿಡಿಲು ಬಡಿದು ಪೆಟ್ಟಿಗೆಗೆ ಇಂಟರ್‌ನೆಟ್ ವಯರು ಹಾಕುವ ತೂತು ಸತ್ತುಹೋಗಿತ್ತು. ಕಾಪು ಪೇಟೆಯಲ್ಲಿ ಕ್ಯಾರೆನ್ ಅಂತ ಒಬ್ಬಳು ಇದ್ದಾಳೆ, ಅಪ್ಪ ಅಲೋಶಿಯಸ್‌ನ ರೇಡಿಯೋ ಅಂಗಡಿಯನ್ನು ಕಂಪ್ಯೂಟರ್ ಅಂಗಡಿ ಮಾಡಿಕೊಂಡವಳು. ಅವಳು ಒಳಗೆ ಬೇರೆಯೇ ಒಂದು ನೆಟ್‌ವರ್ಕ್ ಕಾರ್ಡ್ ಸಿಕ್ಕಿಸಿ ಕೊಟ್ಟಳು. ಅಂಗೈ ಅಗಲದ ಹಲಗೆ, ಅದರ ಬಾಯಿಗೆ ನೀಲಿ ವಯರು, ವಯರಿನ ಪಕ್ಕ ಒಂದು ಹಸಿರು ಲೈಟು. ಆ ಲೈಟು ಮಿಣುಕಿದರೆ ಕಾವ್ಯಳಿಗೆ ಕೆಲಸ, ಇಲ್ಲದಿದ್ದರೆ ಇಲ್ಲ. ಆಫೀಸಿನವರು ತಮ್ಮ ಸಾಫ್ಟ್‌ವೇರಿಗೆ ಬೀಗ ಹಾಕಿದ್ದು ಆ ಕಾರ್ಡಿನ ನಂಬರಿಗೆ. ಬೇರೆ ಕಾರ್ಡ್ ಹಾಕಿದರೆ ಅದು ತೆರೆಯುವುದೇ ಇಲ್ಲ. ಸೆಕೆಗೆ ಪೆಟ್ಟಿಗೆ ಕಾಯುತ್ತದೆ ಅಂತ ಅದರ ಪಕ್ಕದ ತಗಡನ್ನು ತೆಗೆದೇ ಇಡುತ್ತಿದ್ದಳು.

ಮಾರ್ಚ್ ಮೊದಲ ವಾರದ ಒಂದು ಮಧ್ಯಾಹ್ನ ಧನರಾಜ್ ಬೋಟಿನಿಂದ ಬಂದ. ಮೀನು ಬಿದ್ದಿರಲಿಲ್ಲ. ಮುಖ ನೋಡಿದ ಕೂಡಲೇ ಕಮಲಕ್ಕ ಬಂಗುಡೆ ಸಾರಿನ ಪಾತ್ರೆ ಒಲೆಯಿಂದ ಇಳಿಸಿ ಬಟ್ಟಲು ಹಾಕಿದಳು.

"ಊಟ ಎಲ್ಲಿ?" ಅಂತ ಧನರಾಜ್ ಹೆಂಡತಿಯನ್ನು ಕೇಳಿದ.

ಕಾವ್ಯ ಕಿವಿಯ ಹೆಡ್‌ಫೋನ್ ಒಂದು ಬದಿ ಸರಿಸಿದಳು. "ಐದು ನಿಮಿಷ. ಇದೊಂದು ಕಳಿಸಿ ಬರ್ತೇನೆ."

"ನಾನು ಬಡಿಸ್ತೇನೆ ಮಗ, ನೀನು ಕೂತ್ಕೋ," ಅಂದಳು ಕಮಲಕ್ಕ.

"ನಾನು ಮದುವೆ ಆದದ್ದು ಅಮ್ಮನ ಕೈಯಲ್ಲಿ ಬಡಿಸಿಕೊಳ್ಳಲಿಕ್ಕಾ?" ಧನರಾಜ್ ಹೆಡ್‌ಫೋನ್ ಕಿತ್ತು ತನ್ನ ಕಿವಿಗೆ ಹಿಡಿದ. ಒಳಗೆ ಗಂಡಸಿನ ಸ್ವರ. "ಯಾರಿವ?"

"ಡಾಕ್ಟರು. ರೆಕಾರ್ಡ್ ಅದು."

"ಮೊನ್ನೆ ಫೋನಿನಲ್ಲಿ ನಗಾಡ್ತಿದ್ದದ್ದು ಯಾರ ಹತ್ತಿರ? ಅದೂ ರೆಕಾರ್ಡಾ?"

"ರೋಹಿತ್. ನಮ್ಮ ಸೂಪರ್‌ವೈಸರ್. ಎಷ್ಟು ಸಲ ಹೇಳಿದ್ದೇನೆ."

ಎಷ್ಟು ಸಲ ಹೇಳಿದರೆಂತ. ಅವನ ಕೈ ಅಷ್ಟರಲ್ಲಿ ಅವಳ ಕೆನ್ನೆಗೆ ಬಿದ್ದಾಗಿತ್ತು. ಕುರ್ಚಿ ಮಗುಚಿತು. ಏಳಲಿಕ್ಕೆ ಹೋದವಳ ಜಡೆ ಹಿಡಿದು ಮೇಜಿನ ಕಡೆಗೆ ನೂಕಿದ ಭರಕ್ಕೆ ಅವಳ ಬಲಗೈ ಬಾಯಿ ತೆರೆದ ಪೆಟ್ಟಿಗೆಯೊಳಗೆ ಹೋಗಿ ಬಡಿಯಿತು. ಬಳೆಗಳು ಪಟಪಟ ಒಡೆದವು. ಅವಳು ಬಾಯಿ ಬಿಟ್ಟು ಕಿರುಚಲಿಲ್ಲ, ಹಲ್ಲು ಕಚ್ಚಿ ಉಸಿರು ಎಳೆದಳು. ಹೂವಪ್ಪ ಯಾರ ಮುಖವನ್ನೂ ನೋಡದೆ ರಿಮೋಟ್ ಎತ್ತಿ ಟಿವಿಯ ಸ್ವರ ಜಾಸ್ತಿ ಮಾಡಿದ. ಅದು ಅವನು ಮಗನಿಗೆ ಮಾಡುತ್ತಿದ್ದ ಉಪಕಾರ, ಬೀದಿಗೆ ಕೇಳಬಾರದು ನೋಡಿ.

ಆಮೇಲೆ ಧನರಾಜ್ ಉಂಡ. ಎರಡು ಸಲ ಸಾರು ಹಾಕಿಸಿಕೊಂಡ. ಕಮಲಕ್ಕ ಬಡಿಸಿದಳು, ಆಮೇಲೆ ಸೊಸೆಯ ಮಣಿಕಟ್ಟಿಗೆ ಅರಸಿನ ಒತ್ತಿ ಬಟ್ಟೆ ಕಟ್ಟಿದಳು, ಆಮೇಲೆ ನೆಲದ ಹಸಿರು ಬಳೆಚೂರು ಗುಡಿಸಿದಳು. ಸಂಜೆ ಪಕ್ಕದ ಮನೆಯ ಬೇಬಿ, ಮೀನು ಸಾಗಿಸುವ ಗೂಡ್ಸ್ ರಿಕ್ಷಾ ಇಟ್ಟುಕೊಂಡವಳು, ಬೇಲಿಯ ಹತ್ತಿರ ನಿಂತು ಕೇಳಿದಳು.

"ಕಾವ್ಯನ ಕೈಗೆ ಎಂತಾಯ್ತು ಕಮಲಕ್ಕ?"

"ಬಚ್ಚಲಲ್ಲಿ ಜಾರಿ ಬಿದ್ದದ್ದು ಮಾರಾಯ್ತಿ," ಅಂದಳು ಕಮಲಕ್ಕ. ಮಾತು ತನ್ನಷ್ಟಕ್ಕೆ ಬಂತು, ಹುಡುಕಬೇಕಾಗಲಿಲ್ಲ.

ಮರುದಿನದಿಂದ ಹಸಿರು ಲೈಟು ಆಟ ಶುರು ಮಾಡಿತು. ಬೆಳಿಗ್ಗೆ ಪೆಟ್ಟಿಗೆ ಹಾಕಿದ ಕೂಡಲೇ ಇರುತ್ತಿತ್ತು. ಸ್ವಲ್ಪ ಹೊತ್ತು ಓಡಿ ಬಿಸಿಯಾದ ಮೇಲೆ ಮಾಯ. ಕಾವ್ಯ ನೀಲಿ ವಯರು ಬದಲಿಸಿ ನೋಡಿದಳು. ಗೋಡೆಯ ಮೇಲಿನ ನೆಟ್ಟಿನ ಡಬ್ಬಿಯ ಬೇರೆ ತೂತಿಗೆ ಹಾಕಿ ನೋಡಿದಳು. ಡಬ್ಬಿಯದ್ದೇ ತಪ್ಪಾ ಅಂತ ಅದಕ್ಕೆ ಮೊಬೈಲ್ ಸೇರಿಸಿದರೆ, ಮೊಬೈಲಿಗೆ ನೆಟ್ ಚಂದ ಬರುತ್ತಿತ್ತು. ಕಾರ್ಡಿನ ಡ್ರೈವರ್ ತೆಗೆದು ಮತ್ತೆ ಹಾಕಿದಳು. ಪರದೆಯ ಪಟ್ಟಿಯಲ್ಲಿ ಕಾರ್ಡಿನ ಹೆಸರಿನ ಎದುರು ಒಮ್ಮೆ ಹಳದಿ ಗುರುತು ಬರುವುದು, ಒಮ್ಮೆ ಹೆಸರೇ ಇಲ್ಲದೆ ಹೋಗುವುದು.

"ಉಪ್ಪುಗಾಳಿ," ಅಂದ ಹೂವಪ್ಪ ಟಿವಿಯಿಂದ ಕಣ್ಣು ತೆಗೆಯದೆ. "ಕಡಲ ಬದಿಯಲ್ಲಿ ಇಂಥದ್ದೆಲ್ಲ ಇಡಬಾರದು."

ರೋಹಿತ್ ಫೋನ್ ಮಾಡಿದ. ತಿಂಗಳು ಮುಗಿಯುವುದರೊಳಗೆ ಲೈನ್ ಗಟ್ಟಿ ನಿಲ್ಲಬೇಕು, ಇಲ್ಲದಿದ್ದರೆ ಅವಳ ಕೆಲಸವನ್ನು ಬೇರೆಯವರಿಗೆ ಕೊಡದೆ ವಿಧಿ ಇಲ್ಲ ಅಂದ. ಆ ಸಂಜೆ ಅತ್ತೆ ಸೊಸೆ ಹಿತ್ತಿಲಲ್ಲಿ ಕೂತು ಸಿಗಡಿ ಸುಲಿಯುತ್ತಿದ್ದರು.

"ಹೋದರೆ ಹೋಗ್ತದೆ ಮಗ. ಊಟಕ್ಕೆ ಕಡಮೆ ಉಂಟಾ ಇಲ್ಲಿ?" ಅಂದಳು ಕಮಲಕ್ಕ, ಸಮಾಧಾನ ಹೇಳಲಿಕ್ಕೆ.

ಕಾವ್ಯ ತಲೆ ಎತ್ತಲಿಲ್ಲ. "ಆ ಮೇಜಿನ ಎದುರು ಕೂತಷ್ಟು ಹೊತ್ತು ನಾನೊಬ್ಬಳು ಮನುಷ್ಯಳು ಅತ್ತೆ. ಅದೂ ಹೋದರೆ ಈ ಮನೆಯಲ್ಲಿ ನಾನು ಬರೀ ಹೊಡೆಸಿಕೊಳ್ಳುವವಳು."

ಕಮಲಕ್ಕ ಸುಲಿಯುವುದನ್ನು ಬಿಟ್ಟು ಸೊಸೆಯ ಮುಖ ನೋಡಿದಳು. ಮೂವತ್ತು ವರ್ಷದ ಮೊದಲು ತನಗೆ ಹೇಳಲಿಕ್ಕೆ ಬಾರದ ಮಾತನ್ನು ಈ ಹುಡುಗಿ ಸಿಗಡಿ ಸುಲಿಯುತ್ತಾ ಹೇಳಿಬಿಟ್ಟಳಲ್ಲ ಅಂತ. ಏನಾದರೂ ಮಾಡಬೇಕು ಅನ್ನಿಸಿತು ಅವಳಿಗೆ. ಮಾಡಿದಳು ಕೂಡ, ಬೆಸ್ತರ ಮನೆಯ ಹೆಂಗಸು ಎಂತ ಮಾಡುತ್ತಾಳೋ ಅದನ್ನೇ. ಕಡಲ ಬದಿಯಲ್ಲಿ ಕಬ್ಬಿಣ ಉಳಿಯಬೇಕಾದರೆ ಅದಕ್ಕೆ ಗ್ರೀಸ್ ಬೇಕು. ಬಾಗಿಲ ಚಿಲಕಕ್ಕೆ, ಕತ್ತಿಗೆ, ಹೊಲಿಗೆ ಮಿಷನಿಗೆ ಎಲ್ಲದಕ್ಕೂ ಅವಳು ಬೋಟಿನ ಇಂಜಿನಿನ ಗ್ರೀಸ್ ಹಚ್ಚಿ ಬಾಳಿಸಿದವಳು. ಕಾವ್ಯ ಮಗಳನ್ನು ಶಾಲೆಗೆ ಬಿಟ್ಟು ಬರಲಿಕ್ಕೆ ಹೋದ ಸಮಯ ನೋಡಿ, ಗ್ರೀಸಿನ ಡಬ್ಬಿ ತಂದು, ಕಾರ್ಡಿನ ಬಾಯಿಯೊಳಗೆ ಹೊಳೆಯುವ ತಂತಿಗಳಿಗೆ ಕಿರುಬೆರಳಿನಿಂದ ಪ್ರೀತಿಯಿಂದ ಗ್ರೀಸ್ ತುಂಬಿದಳು. ವಯರಿನ ತುದಿಗೂ ಒಂದಿಷ್ಟು ಮೆತ್ತಿದಳು.

ಅದರ ಮೇಲೆ ಲೈಟು ಬೆಳಿಗ್ಗೆಯೂ ಇಲ್ಲ, ಸಂಜೆಯೂ ಇಲ್ಲ.

ಕಾವ್ಯ ವಯರು ಕಿತ್ತು ನೋಡಿ, ಮೂಸಿ ನೋಡಿ, ಅತ್ತೆಯ ಕಡೆ ತಿರುಗಿದಳು. "ನೀವಾ?"

"ತುಕ್ಕು ಹಿಡಿಯಬಾರದು ಅಂತ..."

ಬೈದಿದ್ದರೆ ಒಳ್ಳೆಯದಿತ್ತು. ಕಾವ್ಯ ನೆಲದಲ್ಲಿ ಕೂತು ಅತ್ತಳು. ಹೊಡೆತ ತಿಂದ ದಿನ ಅಳದವಳು.

ಆ ವಾರವೇ ಧನರಾಜ್ ಬಂದ. ಸತ್ತ ಪೆಟ್ಟಿಗೆ ನೋಡಿ ಖುಷಿಯಾದ. "ಪೀಡೆ ತೊಲಗಿತು," ಅಂದ. ಕೈಯಲ್ಲಿ ಒಳ್ಳೆ ಮಾಂಜಿ ಮೀನು ತಂದಿದ್ದ, ಮಗಳಿಗೆ ಚಾಕಲೇಟು. ಕಾವ್ಯ ಬಡಿಸಿದಳು, ಅವನು ಉಂಡ, ಕಡಲಿನ ಕತೆ ಹೇಳಿ ನಗಿಸಿದ. ಹೂವಪ್ಪ ಕೂಡ ಟಿವಿ ಬಂದ್ ಮಾಡಿ ಕೇಳಿದ. ಮನೆ ಎಷ್ಟು ಚಂದ ಉಂಟು ಅಂತ ಕಮಲಕ್ಕನಿಗೆ ಅನ್ನಿಸಿತು. ಪೆಟ್ಟಿಗೆ ಸತ್ತೇ ಇರಲಿ ದೇವರೇ ಅಂತ ಒಳಗೊಳಗೆ ಬೇಡಿಕೊಂಡಳು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ, ಬೇಡಿಕೊಂಡಳು.

ಮರುದಿನ ಮಧ್ಯಾಹ್ನ ಸಾರಿಗೆ ಹುಳಿ ಹೆಚ್ಚಾಗಿತ್ತು. ಅಷ್ಟೇ. ಧನರಾಜ್ ಒಂದು ತುತ್ತು ಬಾಯಿಗೆ ಹಾಕಿ, ಬಟ್ಟಲನ್ನು ಕಾವ್ಯಳ ಎದೆಗೆ ಎಸೆದ. ಬಿಸಿ ಸಾರು ಕುತ್ತಿಗೆಯಿಂದ ಕೆಳಗೆ ಇಳಿಯಿತು. ಅವಳು ಸೆರಗು ಕೊಡವಿಕೊಳ್ಳುವಾಗ ಸೌಟು ಎತ್ತಿ ಬೆನ್ನಿಗೆ ಬಾರಿಸಿದ, ಸೌಟಿನ ಹಿಡಿ ಮುರಿಯುವವರೆಗೆ.

"ದಿನವಿಡೀ ಮನೆಯಲ್ಲಿ ಬಿದ್ದುಕೊಂಡು ಒಂದು ಸಾರು ಮಾಡಲಿಕ್ಕೆ ಬರುವುದಿಲ್ಲ ನಿನಗೆ."

"ಸಾರು ಮಾಡಿದ್ದು ನಾನು," ಅಂದಳು ಕಮಲಕ್ಕ.

ಅವನಿಗೆ ಕೇಳಲಿಲ್ಲವೋ, ಕೇಳಿಯೂ ಬೇಡವಾಯಿತೋ. ಟಿವಿಯ ಸ್ವರ ಮೇಲೇರಿತ್ತು. ಕಮಲಕ್ಕ ಮುರಿದ ಸೌಟು ಹೆಕ್ಕಿದಳು. ನೆಟ್ ಇದ್ದರೂ ಹೊಡೆತ, ಇಲ್ಲದಿದ್ದರೂ ಹೊಡೆತ. ಇಷ್ಟು ದಿನ ಪೆಟ್ಟಿಗೆಯ ಮೇಲೆ ಹಾಕಿದ ತಪ್ಪು ಪೆಟ್ಟಿಗೆಯದ್ದಲ್ಲ ಅಂತ ಅವಳಿಗೆ ಅನ್ನಕ್ಕೆ ಕೂತವರ ಎದುರೇ ಖಾತ್ರಿಯಾಯಿತು.

ಧನರಾಜ್ ಬೋಟು ಹತ್ತಿದ ಮರುದಿನ ಅವಳೇ ಹೇಳಿದಳು. "ಏಳು. ಕ್ಯಾರೆನ್ ಹತ್ತಿರ ಹೋಗುವ."

"ಮಾವ ಎಂತ ಹೇಳ್ತಾರೋ."

"ಹೇಳಲಿ. ಹೇಳಿದರೆ ನಾನು ಟಿವಿಯ ಸ್ವರ ಜಾಸ್ತಿ ಮಾಡ್ತೇನೆ."

ಕಾವ್ಯ ಸುಟ್ಟ ಕುತ್ತಿಗೆ ಹಿಡಿದುಕೊಂಡೇ ನಕ್ಕಳು. ಇಬ್ಬರೂ ಸೇರಿ ಪೆಟ್ಟಿಗೆಯನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ ರಿಕ್ಷಾದಲ್ಲಿ ಪೇಟೆಗೆ ಒಯ್ದರು.

ಕ್ಯಾರೆನ್ ಗಟ್ಟಿ ಸ್ವರದ ಹೆಂಗಸು, ಕನ್ನಡಕ ಹಣೆಯ ಮೇಲೆ. ಕಾರ್ಡಿನ ಬಾಯಿ ನೋಡಿ ಹುಬ್ಬು ಗಂಟಿಕ್ಕಿದಳು. "ಈ ಗ್ರೀಸ್ ಯಾರ ಕೆಲಸ?"

"ನನ್ನದು," ಅಂದಳು ಕಮಲಕ್ಕ.

"ಇದರೊಳಗೆ ಕರೆಂಟ್ ಒಂದು ತಂತಿಯಿಂದ ಇನ್ನೊಂದು ತಂತಿಗೆ ಮುಟ್ಟಬೇಕು ಕಮಲಕ್ಕ. ನಡುವೆ ಗ್ರೀಸ್ ತುಂಬಿದರೆ ಮುಟ್ಟುವುದು ಹೇಗೆ? ಇರಲಿ. ನನ್ನ ಅಪ್ಪ ರೇಡಿಯೋಕ್ಕೆ ತೆಂಗಿನೆಣ್ಣೆ ಹಾಕಿದವರನ್ನು ಕಂಡಿದ್ದಾರೆ." ಅವಳು ಹತ್ತಿ, ಸ್ಪಿರಿಟ್ ತಗೊಂಡು ಒರೆಸಿದಳು. ಕಾರ್ಡನ್ನು ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ರಬ್ಬರಿನಿಂದ ಉಜ್ಜಿದಳು. ಮತ್ತೆ ಸಿಕ್ಕಿಸಿದರೆ ಕಾರ್ಡ್ ಪೂರ್ತಿ ಕೂರಲಿಲ್ಲ. ಒತ್ತಿದಳು, ಕರಕ್ ಅಂದಿತು. "ಒಳಗೆ ಎಂತದೋ ಉಂಟು," ಅಂತ ಹೇಳಿ, ಮೇಜಿನ ಮೇಲೆ ಪೇಪರ್ ಹಾಸಿ ಪೆಟ್ಟಿಗೆಯನ್ನು ಮಗುಚಿ ತಟ್ಟಿದಳು.

ಪೇಪರಿನ ಮೇಲೆ ಧೂಳು ಬಿತ್ತು, ಒಂದು ಸತ್ತ ಹಲ್ಲಿ ಬಿತ್ತು, ಆಮೇಲೆ ಹಸಿರು ಬಳೆಯ ಚೂರುಗಳು ಬಿದ್ದವು. ಒಂದು ಚೂರಿಗೆ ಒಣಗಿದ ರಕ್ತ ಅಂಟಿತ್ತು.

ಕ್ಯಾರೆನ್ ಕನ್ನಡಕ ಕಣ್ಣಿಗೆ ಇಳಿಸಿದಳು. ಬಳೆಚೂರು ನೋಡಿದಳು, ಕಾವ್ಯಳ ಮಣಿಕಟ್ಟಿನ ಗಾಯದ ಕಲೆ ನೋಡಿದಳು, ಕುತ್ತಿಗೆಯ ಬೊಕ್ಕೆ ನೋಡಿದಳು. ಆಮೇಲೆ ಕಾರ್ಡನ್ನು ಬೆಳಕಿಗೆ ಹಿಡಿದಳು.

"ಕಾರ್ಡಿನ ತಗಡು ಬಗ್ಗಿದೆ. ಹಲಗೆಯಲ್ಲಿ ಕೂದಲೆಳೆ ಬಿರುಕು. ತಣ್ಣಗಿದ್ದಾಗ ಕೂಡಿಕೊಳ್ಳುತ್ತದೆ, ಬಿಸಿಯಾದರೆ ಬಿಡುತ್ತದೆ. ಅದಕ್ಕೇ ನೀನು ಹೇಳಿದ ಹಾಗೆ ಬೆಳಿಗ್ಗೆ ಲೈಟು ಬಂದು ಆಮೇಲೆ ಹೋಗುತ್ತಿದ್ದದ್ದು. ಇದಕ್ಕೆ ದೊಡ್ಡ ಪೆಟ್ಟು ಬಿದ್ದಿದೆ. ಎಂತಾದದ್ದು?"

ಕಾವ್ಯ ಸೆರಗನ್ನು ಕುತ್ತಿಗೆಯ ಮೇಲೆ ಎಳೆದುಕೊಂಡಳು.

"ಉಪ್ಪುಗಾಳಿ ಅಲ್ವಾ..." ಅಂದಳು ಕಮಲಕ್ಕ. ಅದೂ ತನ್ನಷ್ಟಕ್ಕೆ ಬಂದ ಮಾತೇ.

"ಉಪ್ಪುಗಾಳಿಗೆ ಬಳೆ ಒಡೆಯಲಿಕ್ಕೆ ಬರುವುದಿಲ್ಲ ಕಮಲಕ್ಕ," ಅಂದಳು ಕ್ಯಾರೆನ್.

ನಾಚಿಕೆಯಿಂದ ಕಮಲಕ್ಕನ ಕಿವಿ ಬಿಸಿಯಾಯಿತು. ಪಾಪ ಮಾಡಿದವನು ಕಡಲಲ್ಲಿ ಹಾಯಾಗಿದ್ದಾನೆ, ನಾಚಿಕೆ ಪಡುವುದು ಇಲ್ಲಿ ನಾನು ಅಂತ ಸಿಟ್ಟೂ ಬಂತು. ಪೇಪರನ್ನು ಮಡಚಿ, ಬಳೆಚೂರಿನ ಸಮೇತ ತನ್ನ ಚೀಲಕ್ಕೆ ಹಾಕಿಕೊಂಡಳು.

ಕ್ಯಾರೆನ್ ಒಂದು ಹಳೆ ಪೆಟ್ಟಿಗೆಯಿಂದ ಗಟ್ಟಿ ಕಾರ್ಡ್ ತೆಗೆದು ಹಾಕಿದಳು. ಅಂಗಡಿಯ ವಯರು ಸಿಕ್ಕಿಸಿದ ಕೂಡಲೇ ಹಸಿರು ಲೈಟು ಬಂತು, ನಿಂತಿತು. "ನೆಟ್ ಆಯ್ತು. ಬೀಗ ಮಾತ್ರ ನಿನ್ನ ಆಫೀಸಿನವರೇ ಹೊಸ ನಂಬರಿಗೆ ಬದಲಿಸಬೇಕು. ಪೆಟ್ಟಿಗೆ ಅಲ್ಲಿಗೇ ಒಯ್ದು ಕೊಡು ಕಾವ್ಯ," ಅಂದಳು.

ಕಾವ್ಯ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಉಡುಪಿಗೆ, ಅಲ್ಲಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಹೋದಳು. ಬೀಗ ಬದಲಿಸಿ, ಲೈನ್ ನಿಲ್ಲುತ್ತದೆ ಅಂತ ಖಾತ್ರಿಯಾಗುವವರೆಗೆ ಪೆಟ್ಟಿಗೆ ಇಲ್ಲೇ ಇರಲಿ, ನೀವೂ ಇಲ್ಲೇ ಕೂತು ಕೆಲಸ ಮಾಡಿ ಅಂದರಂತೆ ಆಫೀಸಿನಲ್ಲಿ. ಬೆಳಿಗ್ಗೆ ಗಂಜಿ ಉಂಡು ಹೋಗುತ್ತಿದ್ದಳು, ಸಂಜೆ ಬರುತ್ತಿದ್ದಳು. ಕಮಲಕ್ಕ ಮೊಮ್ಮಗಳ ಜಡೆ ಹೆಣೆದಳು, ಪಾತ್ರೆ ತೊಳೆದಳು, ನೀರುದೋಸೆ ಹೊಯ್ದಳು.

"ಅವನು ಬಂದರೆ ಎಂತ ಹೇಳ್ತೀ?" ಅಂತ ಹೂವಪ್ಪ ದೋಸೆ ಹರಿಯುತ್ತಾ ಕೇಳಿದ.

"ಕೆಲಸಕ್ಕೆ ಹೋಗಿದ್ದಾಳೆ ಅಂತ ಹೇಳ್ತೇನೆ."

"ನಿನಗೆ ಬುದ್ಧಿ ಕೆಟ್ಟಿದೆ."

"ಇಷ್ಟು ವರ್ಷ ಕೆಟ್ಟಿತ್ತು," ಅಂದಳು ಕಮಲಕ್ಕ. ಹೂವಪ್ಪ ಚಟ್ನಿ ಕೇಳಲಿಕ್ಕೂ ಮರೆತ.

ಬಲೆಯು ಬೋಟಿನ ಅಡಿಯಲ್ಲಿ ತಿರುಗುವ ಫ್ಯಾನಿಗೆ ಸಿಕ್ಕಿ ಹರಿದು, ಧನರಾಜ್ ದಿನಕ್ಕೆ ಮೊದಲೇ ಬಂದುಬಿಟ್ಟ. ಬಂದದ್ದು ಸಂಜೆ, ಕುಡಿದು. ಚಾವಡಿಗೆ ಕಾಲಿಟ್ಟವನು ಕೇಳಿದ. "ಅವಳೆಲ್ಲಿ?"

"ಮಣಿಪಾಲಕ್ಕೆ. ಕೆಲಸಕ್ಕೆ. ಇನ್ನೇನು ಬರ್ತಾಳೆ," ಅಂದಳು ಕಮಲಕ್ಕ.

"ಯಾರನ್ನು ಕೇಳಿ?"

"ನನ್ನನ್ನು."

ಅವನು ಹಿತ್ತಿಲಿಗೆ ಹೋದ. ಮಾಡಿನ ಅಡಿಯಲ್ಲಿ ಹೂವಪ್ಪನ ಹಳೆ ದೋಣಿ ಇಂಜಿನಿನ ಕಬ್ಬಿಣದ ಹ್ಯಾಂಡಲ್ ಇತ್ತು. ಅದನ್ನು ಎಳೆದುಕೊಂಡು ಬಂದ. ಕಂಪ್ಯೂಟರನ್ನು ಪುಡಿ ಮಾಡುತ್ತೇನೆ ಅಂತ ಮೂಲೆಗೆ ನುಗ್ಗಿದರೆ, ಮೇಜಿನಲ್ಲಿ ಪೆಟ್ಟಿಗೆ ಇಲ್ಲ. ನೀಲಿ ವಯರು ಒಂದು ನೇತಾಡುತ್ತಿತ್ತು. ಅವನು ಖಾಲಿ ಮೇಜಿಗೇ ಬಡಿದ. ಹಲಗೆ ಎರಡಾಯಿತು. ಅಷ್ಟರಲ್ಲಿ ಕಾವ್ಯ ಅಂಗಳದಲ್ಲಿ ಚಪ್ಪಲಿ ಬಿಡುತ್ತಿದ್ದಳು, ಕೈಯಲ್ಲಿ ಮಗಳಿಗೆಂದು ತಂದ ಬನ್ಸ್ ಪೊಟ್ಟಣ.

ಧನರಾಜ್ ಹ್ಯಾಂಡಲ್ ಕೆಳಗೆ ಹಾಕಿ ನೀಲಿ ವಯರನ್ನು ಗೋಡೆಯಿಂದ ಕಿತ್ತ. ಎರಡು ಮಡಿಕೆ ಮಾಡಿ ಕೈಗೆ ಸುತ್ತಿಕೊಂಡ. ಒಳಗೆ ಬಂದವಳ ಮುಖಕ್ಕೇ ಮೊದಲ ಹೊಡೆತ. ತುಟಿ ಸೀಳಿತು. ಅವಳು ಕೂತಳು, ಅವನು ಬೆನ್ನಿಗೆ ಬಾರಿಸಿದ. ರವಿಕೆಯ ಮೇಲೆ ರಕ್ತ ಗೆರೆ ಗೆರೆಯಾಗಿ ಮೂಡಿತು.

"ಇದರಲ್ಲೇ ಅಲ್ವಾ ಅವನ ಹತ್ತಿರ ಮಾತಾಡುವುದು? ಮಾತಾಡು ಈಗ. ಮಾತಾಡು."

ಕಮಲಕ್ಕ ಹೂವಪ್ಪನ ಕಡೆ ನೋಡಿದಳು. ಅವನ ಕೈಯಲ್ಲಿ ರಿಮೋಟ್ ಇರಲಿಲ್ಲ. ರಿಮೋಟ್ ನವ್ಯಶ್ರೀಯ ಕೈಯಲ್ಲಿತ್ತು. ಯಾರೂ ಹೇಳದೆ, ಯಾರ ಮುಖವನ್ನೂ ನೋಡದೆ, ಆ ಮಗು ಟಿವಿಯ ಕಡೆಗೆ ರಿಮೋಟ್ ಹಿಡಿದು ಸ್ವರ ಜಾಸ್ತಿ ಮಾಡುತ್ತಿತ್ತು. ಅಜ್ಜ ಮಾಡುವ ಹಾಗೆಯೇ.

ಕಮಲಕ್ಕನಿಗೆ ಮೈಯೆಲ್ಲ ಬೆಂಕಿ ಹತ್ತಿತು. ಅವಳು ಹೋಗಿ ಟಿವಿಯ ಪ್ಲಗ್ಗನ್ನು ಕಿತ್ತೆಸೆದಳು. ಮನೆ ಗಪ್ ಅಂದಿತು. ಆ ಮೌನದಲ್ಲಿ ವಯರಿನ ಒಂದು ಏಟು ಬಿತ್ತು, ಬೀದಿಯ ತುದಿಯವರೆಗೆ ಕೇಳಿರಬೇಕು.

"ಟಿವಿ ಹಾಕು," ಅಂದ ಹೂವಪ್ಪ. "ಕಮಲ, ಟಿವಿ ಹಾಕು. ಜನ ಕೇಳ್ತಾರೆ."

"ಕೇಳಲಿ."

ಅವಳು ಮಗನ ಮತ್ತು ಸೊಸೆಯ ನಡುವೆ ಹೋಗಿ ನಿಂತಳು. ಎತ್ತಿದ ವಯರನ್ನು ಹಿಡಿದುಕೊಂಡಳು. "ಸಾಕು. ಇದು ನನ್ನ ಅಮ್ಮನ ಮನೆ. ಅವಳಿಂದ ನನಗೆ ಬಂದದ್ದು. ನಿನ್ನ ಅಪ್ಪ ಇಲ್ಲಿಗೆ ಬಂದು ಸೇರಿದವರು, ನೀನು ಇಲ್ಲಿ ಹುಟ್ಟಿದವನು ಅಷ್ಟೇ. ಹೊರಗೆ ಹೋಗು."

"ನನ್ನನ್ನಾ?"

"ನಿನ್ನನ್ನೇ."

ಅವನು ವಯರು ಎಳೆದ. ಅವಳು ಬಿಡಲಿಲ್ಲ. ಅಂಗೈ ಕೊಯ್ದು ರಕ್ತ ಬಂದರೂ ಬಿಡಲಿಲ್ಲ. ಆಗ ಅವನು ಬಗ್ಗಿ, ಕೆಳಗೆ ಹಾಕಿದ ಹ್ಯಾಂಡಲನ್ನು ಎತ್ತಿ ಬೀಸಿದ. ಹೆಂಡತಿಗೆಂದು ಬೀಸಿದನೋ, ಅಮ್ಮನಿಗೆಂದೋ, ಅವನಿಗೇ ಗೊತ್ತಿರಲಿಕ್ಕಿಲ್ಲ. ಕಮಲಕ್ಕನ ಸೊಟ್ಟ ಎಡಗೈಯ ಮೇಲೆ ಬಿತ್ತು. ಒಣ ಸೌದೆ ಮುರಿದಂಥ ಸದ್ದು. ಅವಳು ಕೂಗಿದಳು. ಇಷ್ಟು ವರ್ಷ ನುಂಗಿದ್ದನ್ನೆಲ್ಲ ಸೇರಿಸಿ ಕೂಗಿದಳು.

ಟಿವಿ ಇರಲಿಲ್ಲವಲ್ಲ, ಬೇಬಿಗೆ ಕೇಳಿತು. ಅವಳ ಗಂಡನಿಗೂ ಕೇಳಿತು, ಬೇಲಿ ಹಾರಿ ಬಂದ. ಎದುರು ಮನೆಯವರೂ ಬಂದರು. ಅಷ್ಟು ಜನ ಬಾಗಿಲಲ್ಲಿ ನಿಂತದ್ದು ಕಂಡು ಧನರಾಜ್ ಹ್ಯಾಂಡಲ್ ಬಿಟ್ಟ. ಗೋಡೆಗೆ ಒರಗಿ, "ಅಮ್ಮನೇ ನಡುವೆ ಬಂದದ್ದು," ಅಂತ ಗೊಣಗಿದ. ಬೇಬಿಯ ಗಂಡ ಅವನ ಕುತ್ತಿಗೆ ಹಿಡಿದು ಅಂಗಳಕ್ಕೆ ಎಳೆದ. ಎಲ್ಲರ ಕೈ ತಪ್ಪಿಸಿಕೊಂಡು ಅವನು ಕಡಲ ಕಡೆ ಓಡಿದ.

"ಬೇಬಿ, ಇವಳನ್ನೂ ಮಗುವನ್ನೂ ಹಿರಿಯಡ್ಕಕ್ಕೆ, ಅವಳ ತವರಿಗೆ ಬಿಡು," ಅಂದಳು ಕಮಲಕ್ಕ, ನೆಲದಲ್ಲಿ ಕೂತಲ್ಲಿಂದಲೇ.

"ನಿಮ್ಮನ್ನು ಬಿಟ್ಟು ನಾನು ಹೋಗುವುದಿಲ್ಲ," ಅಂದಳು ಕಾವ್ಯ, ಸೀಳಿದ ತುಟಿಯಲ್ಲಿ.

"ಮಾತು ಕೇಳು. ನಾಳೆ ಬೆಳಿಗ್ಗೆ ನೀನು ಆ ಪೆಟ್ಟಿಗೆಯ ಎದುರು ಕೂತಿರಬೇಕು. ಇಲ್ಲದಿದ್ದರೆ ಈ ಕೈ ದಂಡಕ್ಕೆ ಮುರಿದದ್ದು."

ಬೇಬಿಯ ರಿಕ್ಷಾದಲ್ಲಿ ಮೀನಿನ ಬುಟ್ಟಿಗಳ ನಡುವೆ ತಾಯಿ ಮಗಳು ಕೂತು ಹೋದರು. ಹುಡುಗಿಯ ಕೈಯಲ್ಲಿ ರಿಮೋಟ್ ಹಾಗೆಯೇ ಇತ್ತು, ಯಾರೂ ಕಸಿದುಕೊಳ್ಳಲಿಲ್ಲ.

ಆ ರಾತ್ರಿ ಹತ್ತಿರದ ಕ್ಲಿನಿಕ್ಕಿನಲ್ಲಿ ಕಮಲಕ್ಕನ ಕೈಗೆ ಹಲಗೆ ಕಟ್ಟಿ, ಎಕ್ಸ್‌ರೇಗೆ ಉಡುಪಿಗೆ ಹೋಗಿ ಅಂದರು. ಮರುದಿನ ಬೆಳಿಗ್ಗೆ ಹೂವಪ್ಪ ಕುಂಟುತ್ತಾ ಜೊತೆಗೆ ಬಂದ. ಬಸ್ಸಿನಲ್ಲಿ ಅವನು ಒಂದೇ ಮಾತು ಆಡಿದ್ದು. "ಅಂಗಳದಲ್ಲಿ ಜಾರಿ ಬಿದ್ದದ್ದು ಅಂತ ಹೇಳುವ. ಹುಡುಗನ ಬದುಕು ಹಾಳಾಗ್ತದೆ."

ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಾಗ ಅವಳ ಮೊಬೈಲು ಹೊಡೆದುಕೊಂಡಿತು. ಕಾವ್ಯ.

"ಅತ್ತೆ, ಕೂತಿದ್ದೇನೆ. ಲೈನ್ ಗಟ್ಟಿ ಉಂಟು ಅಂದರು. ಕೆಲಸ ನನಗೇ ಇಟ್ಟಿದ್ದಾರೆ."

"ಲೈಟು?"

"ಹಸಿರು ಉಂಟು. ಬೆಳಿಗ್ಗೆಯಿಂದ ಒಮ್ಮೆಯೂ ಹೋಗಲಿಲ್ಲ. ನಿಮ್ಮ ಕೈ?"

"ನೋಯ್ತದೆ," ಅಂದಳು ಕಮಲಕ್ಕ. ಹಾಗೆ ಹೇಳಿ ಅವಳಿಗೆ ಅಭ್ಯಾಸ ಇರಲಿಲ್ಲ, ಹೇಳಿದ ಮೇಲೆ ಕಣ್ಣು ತುಂಬಿತು.

ಡಾಕ್ಟರು ಚಿಕ್ಕ ಪ್ರಾಯದ ಹೆಂಗಸು. ಎಕ್ಸ್‌ರೇಯನ್ನು ಬೆಳಕಿಗೆ ಸಿಕ್ಕಿಸಿ ಕೇಳಿದಳು. "ಹೇಗಾಯ್ತು ಅಮ್ಮ?"

"ಅಂಗಳದಲ್ಲಿ ಜಾರಿ..." ಅಂತ ಹೂವಪ್ಪ ಶುರು ಮಾಡಿದ.

"ಜಾರಿದ್ದಲ್ಲ," ಅಂದಳು ಕಮಲಕ್ಕ. "ನನ್ನ ಮಗ ಧನರಾಜ್ ಹೊಡೆದದ್ದು. ಕಬ್ಬಿಣದ ಹ್ಯಾಂಡಲಿನಲ್ಲಿ. ಅದಕ್ಕೆ ಮೊದಲು ನನ್ನ ಸೊಸೆಗೆ ಹೊಡೆದಿದ್ದಾನೆ, ವಯರಿನಲ್ಲಿ." ಚೀಲದಿಂದ ಮಡಚಿದ ಪೇಪರ್ ತೆಗೆದು ಬಳೆಚೂರುಗಳನ್ನು ಮೇಜಿನ ಮೇಲೆ ಇಟ್ಟಳು. "ಇದು ಅವಳದ್ದು."

ಡಾಕ್ಟರು ಪೆನ್ನು ಎತ್ತಿಕೊಂಡಳು. "ಇದನ್ನು ನಾನು ಪೊಲೀಸರಿಗೆ ತಿಳಿಸಬೇಕಾಗುತ್ತದೆ."

"ತಿಳಿಸಿ. ಅದಕ್ಕೇ ಹೇಳಿದ್ದು."

ಡಾಕ್ಟರು ಬರೆಯುತ್ತಾ ಮತ್ತೊಮ್ಮೆ ಎಕ್ಸ್‌ರೇ ನೋಡಿದಳು. ಬೆರಳು ಸ್ವಲ್ಪ ಮೇಲೆ ಸರಿಸಿ ಒಂದು ದಪ್ಪ ಗೆರೆ ತೋರಿಸಿದಳು. "ಇಲ್ಲಿ ಹಳೆಯ ಮುರಿತವೂ ಉಂಟಲ್ಲ ಅಮ್ಮ. ತುಂಬ ವರ್ಷದ್ದು. ಇದು ಜಾರಿ ಬಿದ್ದದ್ದಾ?"

"ಅಲ್ಲ. ಅದು ಇವರು ಮುರಿದದ್ದು," ಅಂದಳು ಕಮಲಕ್ಕ. "ಎರಡನ್ನೂ ಬರೆದುಕೊಳ್ಳಿ."

ಹೂವಪ್ಪ ಸುತ್ತ ಕಣ್ಣಾಡಿಸಿದ. ಆ ಕೋಣೆಯಲ್ಲಿ ಟಿವಿ ಇರಲಿಲ್ಲ.